ಗಿಣಿಪಾಠದ ದರಪಟ್ಟಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ನನ್ನ ಮೊಬೈಲಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. 1858ರಲ್ಲಿ ಬ್ರಿಟಿಷರು ಇಲ್ಲಿ ಮೊದಲ ಮೆಟ್ರಿಕ್ ಪರೀಕ್ಷೆ ಇಟ್ಟರಂತೆ. ಎಷ್ಟಕ್ಕೆ ಪಾಸು ಮಾಡೋದು ಎಂದು ಲಂಡನ್ನಿಗೆ ಕೇಳಿ ಬರೆದರಂತೆ. ಅಲ್ಲಿಯ ಒಬ್ಬ ಲಾರ್ಡ್, "ನಮ್ಮ ಹುಡುಗರಿಗೆ 65 ಬೇಕು, ಅವರ ಬುದ್ಧಿ ನಮ್ಮದರ ಅರ್ಧ, ಹಾಗಾಗಿ 32.5 ಸಾಕು" ಅಂದನಂತೆ. ಅರ್ಧ ಅಂಕ ಲೆಕ್ಕ ಹಾಕುವುದು ತಾಪತ್ರಯ ಎಂದು ಮುಂದೆ ಅದನ್ನು 33 ಮಾಡಿದರಂತೆ. ಕೊನೆಯಲ್ಲಿ ಕೆಂಪಗೆ ಸಿಟ್ಟಾದ ಮುಖದ ಮೂರು ಚಿತ್ರ, "ನಿಜ ಭಾರತೀಯರಾದರೆ ಹತ್ತು ಜನಕ್ಕೆ ಕಳಿಸಿ" ಎಂಬ ಆಜ್ಞೆ.

ಆ ಲಾರ್ಡ್‌ಗೆ ಹೆಸರಿಲ್ಲ, ಕಡತಕ್ಕೆ ನಂಬರಿಲ್ಲ. ನನಗೆ ನಂಬಿಕೆ ಬಾರದಿರುವುದು ಅದಕ್ಕೇ. ಬ್ರಿಟಿಷರು ಅವಮಾನ ಮಾಡುವುದಿದ್ದರೆ ಮೂರು ಪ್ರತಿ ಬರೆಸಿ, ಮೊಹರು ಒತ್ತಿಸಿ, ಒಂದನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸಿ ಮಾಡುತ್ತಿದ್ದ ಜನ. ದಾಖಲೆಯಿಲ್ಲದ ಅವಮಾನ ಅವರ ಜಾಯಮಾನದಲ್ಲೇ ಇಲ್ಲ. ಅಷ್ಟಕ್ಕೂ ದಾಖಲಾದ ಸರಕು ಮೂಟೆಗಟ್ಟಲೆ ಬಿದ್ದಿರುವಾಗ ಈ ಅನಾಥ ಲಾರ್ಡ್‌ನನ್ನು ಯಾಕೆ ಎಳೆದು ತರಬೇಕು?

ಒಂದು ಮೂಟೆ ನಮ್ಮ ಬಳ್ಳಾರಿಯದೇ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ಜಿಲ್ಲೆ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಮಕ್ಕಳೆಷ್ಟು ಎಂದು ಕಲೆಕ್ಟರುಗಳನ್ನು ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಮರುವರ್ಷ ಉತ್ತರ ಬರೆದರು. ಜನಸಂಖ್ಯೆ 9,27,857. ಶಾಲೆ 533. ಓದುವ ಮಕ್ಕಳು 6,641. ಅಂದರೆ ಸಾವಿರಕ್ಕೆ ಏಳು. ಮರಳಿನ ಮೇಲೆ ಬೆರಳಲ್ಲಿ ತಿದ್ದಿಸಿ ಕಾಸಿಲ್ಲದೆ ಅಕ್ಷರ ಕಲಿಸುವ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಇಲ್ಲಿಯ ಉಪಾಯವನ್ನು ಇಂಗ್ಲೆಂಡೇ ಅನುಕರಿಸಿದೆ, ಅದು ತಕ್ಕದ್ದೇ ಎಂದು ಮೆಚ್ಚಿದರು. ಜೊತೆಗೇ ಒಂದು ದೂರು: ಮಕ್ಕಳು ಹಳೆಯ ಪದ್ಯಗಳನ್ನು ಅರ್ಥ ತಿಳಿಯದೆ ಗಿಣಿಯಂತೆ ಒಪ್ಪಿಸುತ್ತಾರೆ. ಶಾಲೆಗಳು ಸೊರಗಿದ್ದಕ್ಕೆ ಕಾರಣವನ್ನೂ ಬರೆದರು: ದೇಶ ಬಡವಾಗಿದೆ, ಮಕ್ಕಳನ್ನು ಕಳಿಸಲು ತಂದೆತಾಯಿಗೆ ಕೈಲಾಗುತ್ತಿಲ್ಲ. ಈ 533ರಲ್ಲಿ ಒಂದಕ್ಕೂ ಈಗ ಸರ್ಕಾರದಿಂದ ಬಿಡಿಗಾಸಿನ ಆಸರೆಯಿಲ್ಲ, ಹೇಳಲು ನಾಚಿಕೆಯಾಗುತ್ತದೆ ಎಂದೂ ಸೇರಿಸಿದರು.

ಕಲೆಕ್ಟರ್‌ಗೆ ನಾಚಿಕೆಯಾಯಿತು. ಸರ್ಕಾರಕ್ಕೆ ಆಗಲಿಲ್ಲ, ಅದಕ್ಕೆ ಆ ಹುದ್ದೆ ಮಂಜೂರಾಗಿರಲಿಲ್ಲ. ಕ್ಯಾಂಬೆಲ್ ವರದಿಯಲ್ಲಿದ್ದ ಗಿಣಿಯನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡರು ಅಂತ ಕಾಣುತ್ತದೆ. ನಲವತ್ತು ವರ್ಷ ಕಳೆದ ಮೇಲೆ ಅದಕ್ಕೊಂದು ದರ ಕಟ್ಟಿದರು.

ದರ ಕಟ್ಟಿದ್ದು ಮೊದಲು ತಮ್ಮ ಮಕ್ಕಳಿಗೇ, ಆ ಮಟ್ಟಿಗೆ ಪಕ್ಷಪಾತವಿಲ್ಲ. 1862ರಲ್ಲಿ ರಾಬರ್ಟ್ ಲೋ ಎಂಬ ಮಹಾಶಯರು ಇಂಗ್ಲೆಂಡಿನ ಶಾಲೆಗಳಿಗೆ ಹೊಸ ನಿಯಮಾವಳಿ ತಂದರು. ಇನ್ಸ್‌ಪೆಕ್ಟರ್ ವರ್ಷಕ್ಕೊಮ್ಮೆ ಬಂದು ಪರೀಕ್ಷೆ ಮಾಡಬೇಕು. ಮಗು ಓದಿದರೆ 2 ಶಿಲಿಂಗ್ 8 ಪೆನ್ಸ್. ಬರೆದರೆ 2 ಶಿಲಿಂಗ್ 8 ಪೆನ್ಸ್. ಲೆಕ್ಕ ಮಾಡಿದರೆ ಇನ್ನೊಂದು 2 ಶಿಲಿಂಗ್ 8 ಪೆನ್ಸ್. ಹಾಜರಾತಿಗೆ ಬೇರೆ 4 ಶಿಲಿಂಗ್. ಒಂದು ವಿಷಯದಲ್ಲಿ ಫೇಲಾದರೆ ಆ ಬಾಬತ್ತು ಶಾಲೆಯ ಅನುದಾನದಿಂದ ವಜಾ. ಈ ಪದ್ಧತಿ ಅಗ್ಗವಾಗದಿದ್ದರೆ ದಕ್ಷವಾಗುತ್ತದೆ, ದಕ್ಷವಾಗದಿದ್ದರೆ ಅಗ್ಗವಾಗುತ್ತದೆ ಎಂದು ಲೋ ಪಾರ್ಲಿಮೆಂಟಿನಲ್ಲಿ ಭರವಸೆ ಕೊಟ್ಟರು. ನಮ್ಮ ಸಂತೆಯಲ್ಲಿ ಕುಂಟೆತ್ತು ಮಾರುವವನೂ ಇಷ್ಟು ಚೆನ್ನಾಗಿ ಹೇಳಲಾರ: ಉತ್ತರೆ ಉತ್ತಿತು, ಉಳದಿದ್ದರೆ ಮೇವು ಕಮ್ಮಿ ತಿಂದೀತು.

ಈ ಸರಕು ಹಡಗು ಹತ್ತಿ ಬಂತು. 1854ರಲ್ಲಿ ಲಂಡನ್ನಿನಿಂದ ಬಂದ ವುಡ್ ಸಾಹೇಬರ ಆದೇಶಪತ್ರ ಶಾಲೆಗಳಿಗೆ ಸಹಾಯಧನ ಕೊಡಿ ಅಂದಿತ್ತು. ಹೇಗೆ ಕೊಡಬೇಕು ಎಂಬ ಪ್ರಶ್ನೆಗೆ ಲೋ ಉತ್ತರ ಸಿದ್ಧವಾಗಿತ್ತು. 1860ರ ದಶಕದಲ್ಲೇ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತಗಳು 'ಫಲಿತಾಂಶ ನೋಡಿ ಹಣ' ಶುರುಮಾಡಿದವು. ಬಳ್ಳಾರಿ, ಮಂಗಳೂರು ಒಂದರ ಕೆಳಗೆ, ಧಾರವಾಡ, ಬೆಳಗಾವಿ ಇನ್ನೊಂದರ ಕೆಳಗೆ. ಕನ್ನಡದ ಕೂಸು ಯಾವ ದಿಕ್ಕಿಗೆ ಹೊರಳಿದರೂ ತಕ್ಕಡಿ ಕಾದಿತ್ತು.

ನಮ್ಮ ಹಳೆಯ ಊರಶಾಲೆಗಳಿಗೆ ಜನ ಇಟ್ಟ ಹೆಸರು ಕೂಲಿಮಠ. ಪಾಠ ಹೇಳುವ ಐಗಳಿಗೆ ಕೂಲಿ ಕೊಡುವವರು ಊರಿನವರು, ಒಬ್ಬರು ಕಾಳು, ಒಬ್ಬರು ಕಾಸು, ಹಬ್ಬಕ್ಕೊಂದು ಪಂಚೆ. ಪಾಠ ಸರಿಯಿಲ್ಲದಿದ್ದರೆ ಕೇಳುವವರೂ ಅವರೇ, ಬಾವಿಕಟ್ಟೆಯ ಮೇಲೆ, ದಿನಾ. ಸಾಹೇಬರು ಈ ಕೂಲಿಯನ್ನು ನೋಡಿ ಮೂಗು ಮುರಿದು ತಾವೊಂದು ಕೂಲಿ ತಂದರು: ವರ್ಷಕ್ಕೊಂದು ದಿನ ಲೆಕ್ಕ, ತಲೆಗಿಷ್ಟು.

ಆ ಒಂದು ದಿನ ಹೇಗಿದ್ದೀತು ಎಂದು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಬಳ್ಳಾರಿ ಕಡೆಯ ಒಂದು ಊರು ಎಂದಿಟ್ಟುಕೊಳ್ಳಿ. ಗುಡಿಯ ಪೌಳಿಯಲ್ಲಿ ಶಾಲೆ. ನೆಲ ಸಾರಿಸಿದೆ. ಐಗಳು ಒಗೆದ ರುಮಾಲು ಸುತ್ತಿಕೊಂಡು ನಸುಕಿನಿಂದ ದಾರಿ ನೋಡುತ್ತಿದ್ದಾರೆ. ಅವರ ಕಣ್ಣಿಗೆ ಎದುರು ಕೂತ ಮಕ್ಕಳು ಮಕ್ಕಳಾಗಿ ಕಾಣುವುದು ನಿಂತು ಮೂರು ತಿಂಗಳಾಯಿತು. ಅಗೋ ಗೌಡರ ಮಗ, ಮೂರೂ ವಿಷಯ ಪಾಸು, ಗಟ್ಟಿ ಹಣ. ಇವನಿಗೆ ಕಲಿಸದಿದ್ದರೂ ಪಾಸು, ಆದ್ದರಿಂದ ಕಲಿಸಿಲ್ಲ. ಅಲ್ಲಿ ಮೂಲೆಯಲ್ಲಿ ಹನುಮ, ಎಷ್ಟು ಕಲಿಸಿದರೂ ಫೇಲು, ಆದ್ದರಿಂದ ಅವನಿಗೂ ಕಲಿಸಿಲ್ಲ. ಇವತ್ತು ಅವನನ್ನು ಮನೆಗೆ ಕಳಿಸಬೇಕು. ಐಗಳು ವರ್ಷವಿಡೀ ಕಲಿಸಿದ್ದು ನಡುವಿನ ಆರು ಹುಡುಗರಿಗೆ, ಆಚೆ ಈಚೆ ತೂಗಾಡುವವರಿಗೆ. ಕಟುಕನಲ್ಲ ಆತ. ಮನೆಯಲ್ಲಿ ನಾಲ್ಕು ಹೊಟ್ಟೆಗಳಿವೆ, ಅಷ್ಟೇ.

ಶಾಲೆಗಳ ತನಿಖೆ ಮಾಡುವ ಡೆಪ್ಯುಟಿ ಸಾಹೇಬರು ಬಂದರು. ಗಾಡಿ ಇಳಿದವರೇ ಗಡಿಯಾರ ನೋಡಿದರು, ಸಂಜೆಯೊಳಗೆ ಇನ್ನೆರಡು ಊರು ಮುಗಿಸಬೇಕು.

"ಲೇ ತಮ್ಮಾ, ಹದಿಮೂರನೇ ಪುಟ ತಗಿ. ಓದು."

ಹುಡುಗ ಪುಸ್ತಕ ಬಿಚ್ಚಿದ. ಓದಿದ. ನೀರು ಕುಡಿದಷ್ಟು ಸಲೀಸು. ಸಾಹೇಬರು ತಲೆದೂಗಿದರು. ಹುಡುಗ ಪುಟ ತಿರುವಿ ಹದಿನಾಲ್ಕನ್ನೂ ಓದಿದ, ಎಲ್ಲಿ ಉಸಿರು ತೆಗೆಯಬೇಕೋ ಅಲ್ಲೇ ತೆಗೆದು. ಸಾಹೇಬರು ಅವನ ಹೆಗಲ ಮೇಲಿಂದ ಇಣುಕಿದರು. ಹದಿನಾಲ್ಕನೆಯ ಪುಟ ಇರಲಿಲ್ಲ. ಹೋದ ಮಳೆಗಾಲ ಗೆದ್ದಲು ತಿಂದಿತ್ತು. ಆ ಜಾಗದಲ್ಲಿ ಜಾಲರಿಯಂಥದೇನೋ ಇತ್ತು, ಅದರೊಳಗಿಂದ ಹುಡುಗನ ಮೊಣಕಾಲು ಕಾಣುತ್ತಿತ್ತು.

"ಏನ್ ಐಗಳೇ ಇದು?"

"ಓದ್ಯಾನಲ್ರೀ ಸಾಹೇಬ್ರ. ಒಂದಕ್ಷರ ತಪ್ಪಿಲ್ಲ."

ಸಾಹೇಬರು ಒಂದು ಗಳಿಗೆ ಯೋಚಿಸಿದರು. ಅವರ ನಮೂನೆಯಲ್ಲಿ 'ಓದಿದ', 'ಓದಲಿಲ್ಲ' ಎಂಬ ಎರಡು ಕಲಮುಗಳಿದ್ದವು. ಗೆದ್ದಲಿಗೆ ಕಲಮಿರಲಿಲ್ಲ. ಓದಿದ ಎಂದು ಬರೆದುಕೊಂಡರು.

ಇಂಗ್ಲೆಂಡಿನ ಶಾಲೆಗಳ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್, ಇದು ಯಾಂತ್ರಿಕವಾದ ಆಟ, ಮಗು ಕಲಿಯದೆಯೇ ಪಾಸು ಮಾಡಿಸುವ ಉಪಾಯ ಹುಡುಕುವುದೇ ಇಲ್ಲಿ ಕೆಲಸ ಎಂಬರ್ಥದಲ್ಲಿ ಗೊಣಗಿದ್ದುಂಟು. ಕವಿಯ ಮಾತು ಯಾರು ಕೇಳುತ್ತಾರೆ. ನನಗೆ ಮಾತ್ರ ಈ ಪದ್ಧತಿ ಬಹಳ ಹಿಡಿಸಿದೆ. ಒಂದೇ ತಕರಾರು, ಇದನ್ನು ಏಳು ವರ್ಷದ ಮಕ್ಕಳಿಗೆ ಮಾತ್ರ ಯಾಕೆ ಹಚ್ಚಿದರು ಎಂಬುದು. ಮಳೆ ಬಿದ್ದಷ್ಟು ಇಂಚಿಗೆ ಕಲೆಕ್ಟರ್ ಸಂಬಳ, ಬದುಕಿದ ರೋಗಿಗಿಷ್ಟು ಎಂದು ಸಿವಿಲ್ ಸರ್ಜನ್ ಸಂಬಳ, ಹೀಗೆ ಮೇಲಕ್ಕೆ ಹತ್ತುತ್ತಾ ವೈಸ್‌ರಾಯ್‌ವರೆಗೆ ಹೋಗಬಹುದಿತ್ತಲ್ಲ.

ಹೋಗಿದ್ದರೆ ಏನಾಗುತ್ತಿತ್ತು ನೋಡಿ. 1874ರಲ್ಲಿ ಬಿಹಾರ, ಬಂಗಾಳದ ಕಡೆ ಬರ ಬಿತ್ತು. ಅಲ್ಲಿಯ ಹೊಣೆ ಹೊತ್ತ ಸರ್ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಜನಕ್ಕೆ ಹಂಚಿದರು. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಮ್ಮಿ. ಫಲಿತಾಂಶ ನೂರಕ್ಕೆ ನೂರು! ಸಿಕ್ಕಿದ್ದು ಏನು? ದುಂದುಗಾರ ಎಂಬ ಬೈಗುಳ. ಎರಡೇ ವರ್ಷಕ್ಕೆ ದಕ್ಷಿಣದಲ್ಲಿ ಬರ. ಬಳ್ಳಾರಿ, ಧಾರವಾಡ, ಮೈಸೂರು ಸೀಮೆ ಸುಟ್ಟುಹೋಗುತ್ತಿತ್ತು. ವೈಸ್‌ರಾಯ್ ಲಿಟ್ಟನ್ 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ಚಕ್ರವರ್ತಿನಿ ಎಂದು ಸಾರಿದರು, ಟೆಂಪಲ್‌ರನ್ನು ನಮ್ಮ ಕಡೆ ಅಟ್ಟಿದರು. ಹಿಂದಿನ ಪರೀಕ್ಷೆಯಲ್ಲಿ ಪಾಠ ಕಲಿತಿದ್ದ ಟೆಂಪಲ್ ಈ ಸಲ ಸರಿಯಾಗಿ ಬರೆದರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ದಿನಕ್ಕೆ 1 ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ, ಅಷ್ಟೇ. ಜನ ಲಕ್ಷಗಟ್ಟಲೆ ಸತ್ತರು. ಮೈಸೂರು ಸಂಸ್ಥಾನದಲ್ಲೇ ಐದರಲ್ಲೊಂದು ಪಾಲು ಜನ ಅಳಿದರು ಎನ್ನುತ್ತಾರೆ. ಖರ್ಚು ಮಿಕ್ಕಿತು. ಅದೇ 1877ರಲ್ಲಿ ಟೆಂಪಲ್ ಬೊಂಬಾಯಿ ಪ್ರಾಂತದ ಗವರ್ನರಾದರು. ನಮ್ಮ ಧಾರವಾಡದ ಮಕ್ಕಳ ಪರೀಕ್ಷೆ, ಅನುದಾನ ಎಲ್ಲ ಇನ್ನು ಅವರ ಸರ್ಕಾರದ ಕೈಗೆ.

ಇನ್ನು ಬಳ್ಳಾರಿಯ ಆ ಪೌಳಿ ಶಾಲೆಗೆ ಬರುವ ವರ್ಷ ಡೆಪ್ಯುಟಿ ಸಾಹೇಬರು ಬಂದಾಗ ನಡುವಿನ ಆರು ಹುಡುಗರಲ್ಲಿ ಎಷ್ಟು ಮಂದಿ ಎದ್ದು ನಿಂತರೋ. ನಮೂನೆಯಲ್ಲಿ ಅದಕ್ಕೂ ಕಲಮಿರಲಾರದು. ಗೈರುಹಾಜರಿ ಎಂದಿರುತ್ತದೆ.

1882ರಲ್ಲಿ ದೇಶದ ಶಿಕ್ಷಣವನ್ನು ಪರಿಶೀಲಿಸಲು ಹಂಟರ್ ಆಯೋಗ ಕೂತಿತು. ಬಹಳ ತೂಗಿ ನೋಡಿ, ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಕಾಲೇಜುಗಳಿಗೆ ತರವಲ್ಲ ಎಂದು ಹೇಳಿತು. ಪ್ರಾಥಮಿಕ ಶಾಲೆಗಳಿಗಾದರೆ ಬಹುಮಟ್ಟಿಗೆ ಅದೇ ಇರಲಿ ಅಂದಿತು. ಕಾಲೇಜಿನ ಮಹನೀಯರ ವಿದ್ಯೆ ತೂಕಕ್ಕೆ ಸಿಗುವಂಥದಲ್ಲ, ಪಾಟಿ ಹಿಡಿದ ಕೂಸಿನದು ಸಿಗುತ್ತದೆ. ಕರ್ಜನ್ ಕಾಲದಲ್ಲಿ, 1904ರ ನಿರ್ಣಯದಲ್ಲಿ, ಈ ಪದ್ಧತಿ ಸರಿಯಲ್ಲ ಎಂದು ಸರ್ಕಾರವೇ ಕೈ ತೊಳೆದುಕೊಂಡಿತು. ಇಂಗ್ಲೆಂಡ್ ಅಷ್ಟರಲ್ಲಿ ಅದನ್ನು ಬಿಟ್ಟು ವರ್ಷಗಳಾಗಿದ್ದವು. ಅಲ್ಲಿಂದ ಹೊಸ ನಿಯಮ ಬರುವ ಹಡಗು ಬೇಗ ಬರುತ್ತದೆ, ರದ್ದಾದ ಸುದ್ದಿ ತರುವ ಹಡಗು ನಿಧಾನ.

ಕಾಲೇಜು ಅಂದೆನಲ್ಲ, ಅಲ್ಲಿಯ ಮಾನದಂಡದ ಕಥೆಯೂ ಒಂದಿದೆ. ಇದು ಹೆಸರಿಲ್ಲದ ಲಾರ್ಡ್‌ನ ಕಥೆಯಲ್ಲ, ಕಲ್ಕತ್ತಾ ವಿಶ್ವವಿದ್ಯಾಲಯದ ದಾಖಲೆಯದು. 1858ರಲ್ಲಿ ಅಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆಯಿತು. ನೆಟ್ಟಗೆ ಪಾಸಾದವರು ಒಬ್ಬರೂ ಇಲ್ಲ. ಹೊಚ್ಚಹೊಸ ವಿಶ್ವವಿದ್ಯಾಲಯ, ಮೊದಲ ಬೆಳೆಯೇ ಜೊಳ್ಳು ಎಂದರೆ ಹೇಗೆ? ಸಿಂಡಿಕೇಟ್ ಸೇರಿತು. ಇಬ್ಬರು ಹುಡುಗರು ಐದು ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದಾರೆ, ಆರನೆಯದರಲ್ಲಿ ಕೊರತೆ 7 ಅಂಕಕ್ಕೆ ಮೀರಿಲ್ಲ, ಕೃಪೆ ತೋರಿಸಬಹುದು ಎಂದು ತೀರ್ಮಾನವಾಯಿತು. ಒಬ್ಬರು ಜದುನಾಥ ಬೋಸ್. ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ, ಮುಂದೆ ಸಾಹೇಬರುಗಳ ನಿದ್ದೆ ಕೆಡಿಸಿದ ಗೀತೆ ಬರೆದವರು. ಏಳು ಅಂಕ ಕೊಟ್ಟವರು ಬಡ್ಡಿ ಸಮೇತ ವಾಪಸು ಪಡೆದರು.

ಕೃಪಾಂಕದ ಈ ಸೌಲಭ್ಯ ಎಲ್ಲ ಪರೀಕ್ಷೆಗೂ ಇರಲಿಲ್ಲ. 1910ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸ್‌ರಾಯರ ಶಾಸನಸಭೆಯಲ್ಲಿ ಎದ್ದು ನಿಂತು, ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಗೊತ್ತುವಳಿ ಮಂಡಿಸಿದರು. ಇಡೀ ದೇಶಕ್ಕೆ ಒಂದೇ ಏಟಿಗೆ ಬೇಡ, ಎಲ್ಲಿ ನೂರಕ್ಕೆ 33 ಗಂಡುಮಕ್ಕಳು ಆಗಲೇ ಶಾಲೆಗೆ ಬರುತ್ತಿದ್ದಾರೋ ಅಲ್ಲಿ ಮಾತ್ರ ಮಾಡೋಣ ಅಂದರು. ನೋಡಿ, 33 ನಮ್ಮವರ ಬಾಯಲ್ಲೇ ಬಂತು. ಮರುವರ್ಷ ಮಸೂದೆ ತಂದರು. ಖರ್ಚಿನಲ್ಲಿ ಮೂರನೇ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಗಳದು ಎಂದು ಲೆಕ್ಕವನ್ನೂ ಕೊಟ್ಟರು. ನಡುವೆ 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆಗಳು ದಿಲ್ಲಿಗೆ ಬಂದು ದರ್ಬಾರು ನಡೆಸಿ, ಪ್ರಜೆಗಳ ವಿದ್ಯೆಗೆ 50 ಲಕ್ಷ ರೂಪಾಯಿ ಘೋಷಿಸಿದರು. ಅಂದರೆ ದುಡ್ಡಿತ್ತು. ಆದರೆ ದರ್ಬಾರಿನಲ್ಲಿ ಕೊಟ್ಟರೆ ಅದು ದಾನ, ಕಾಯಿದೆಯಲ್ಲಿ ಕೊಟ್ಟರೆ ಅದು ಮಕ್ಕಳ ಹಕ್ಕಾಗಿಬಿಡುತ್ತದೆ.

1912ರ ಮಾರ್ಚಿನಲ್ಲಿ ಮಸೂದೆ ಮತಕ್ಕೆ ಬಂತು. ಜನ ಇನ್ನೂ ಸಿದ್ಧರಿಲ್ಲ, ಖಜಾನೆ ತಡೆಯದು ಎಂದು ಸರ್ಕಾರಿ ಸದಸ್ಯರು ಅಂದರು. ನಮ್ಮ ದೊಡ್ಡ ಜಮೀನ್ದಾರರೂ ಅವರ ಮಗ್ಗುಲಿಗೇ ಕೂತಿದ್ದರು. ದನ ಕಾಯುವ ಹುಡುಗ ಪಾಟಿ ಹಿಡಿದರೆ ದನ ಯಾರು ಕಾಯಬೇಕು?

ಪರವಾಗಿ 13, ವಿರುದ್ಧವಾಗಿ 38. ಒಟ್ಟು 51ಕ್ಕೆ 13 ಎಂದರೆ ನೂರಕ್ಕೆ 25. ನಾಪಾಸು. ಬಂಕಿಮರಿಗೆ ಕೊಟ್ಟ ಆ ಏಳು ಕೃಪಾಂಕವನ್ನು ಇಲ್ಲೂ ಕೂಡಿಸಿದ್ದರೆ 20 ಆಗುತ್ತಿತ್ತು, ನೂರಕ್ಕೆ 39, ಆ ಮೊಬೈಲ್ ಲಾರ್ಡ್‌ನ ಲೆಕ್ಕದಲ್ಲೂ ಧಾರಾಳವಾಗಿ ಪಾಸು. ಆ ದಿನ ಸಿಂಡಿಕೇಟ್ ಸಭೆ ಇರಲಿಲ್ಲ.