ಪರ-ವಿರೋಧ: 1977ರಲ್ಲಿ ಜಗಜೀವನ ರಾಮ್ ಅವರಿಗೆ ತುರ್ತುಪರಿಸ್ಥಿತಿಯ ನಡೆ ಅಡ್ಡ ಬಂದದ್ದು ಸರಿಯೇ?

ಪರ: ನಿರ್ಣಯ ಮಂಡಿಸಿದವರು ಪ್ರಧಾನಿಯಾಗಬಾರದಿತ್ತು

1975ರ ಜುಲೈನಲ್ಲಿ ತುರ್ತುಪರಿಸ್ಥಿತಿಗೆ ಲೋಕಸಭೆಯ ಒಪ್ಪಿಗೆ ಕೋರುವ ನಿರ್ಣಯ ಮಂಡಿಸಿದವರು ಆಗ ಇಂದಿರಾ ಗಾಂಧಿಯವರ ಸಂಪುಟದಲ್ಲಿದ್ದ ದಲಿತ ನಾಯಕ ಬಾಬು ಜಗಜೀವನ ರಾಮ್. ಅದೇ ತುರ್ತುಪರಿಸ್ಥಿತಿಯ ವಿರುದ್ಧ ಜನ ಹಾಕಿದ ಮತದ ಬಲದಿಂದ 1977ರ ಮಾರ್ಚ್‌ನಲ್ಲಿ ಜನತಾ ಪಕ್ಷ ಗೆದ್ದಾಗ ಮೊರಾರ್ಜಿ ದೇಸಾಯಿಯವರ ಬದಲು ಅವರೇ ಪ್ರಧಾನಿಯಾಗಬೇಕಿತ್ತು ಎನ್ನುವವರ ಮಾತು ನನಗೆ ಇಂದಿಗೂ ಅರ್ಥವಾಗಿಲ್ಲ.

ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದ ನನ್ನ ತಂದೆಯನ್ನು, ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದಾಗಿದ್ದ ಮೀಸಾ ಕಾಯ್ದೆಯಡಿ ಹಿಡಿದೊಯ್ದರು. ಯಾಕೆಂದು ಅಮ್ಮ ಕೇಳಿದರೆ ಉತ್ತರವಿಲ್ಲ. ಕಾರಣ ತಿಳಿಸಬೇಕಾಗಿಲ್ಲ ಎಂದು ಕಾಯ್ದೆಯನ್ನೇ ತಿದ್ದಲಾಗಿತ್ತು. ಸಂಬಳ ನಿಂತಿತು. ಅಮ್ಮ ಬಳೆ ಅಡವಿಟ್ಟರು, ಆಮೇಲೆ ಅಡಿಕೆ ಸುಲಿಯಲು ಹೋದರು. ದಿನಾ ಬರುತ್ತಿದ್ದ ನೆಂಟರು ನಮ್ಮ ಬೀದಿಯನ್ನೇ ತಪ್ಪಿಸಿ ನಡೆದರು; ನಮ್ಮೊಂದಿಗೆ ಮಾತನಾಡಿದವರ ಹೆಸರನ್ನು ಯಾರಾದರೂ ಬರೆದುಕೊಂಡಾರು ಎಂಬ ಭಯ. ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದಾಗ ಅಜ್ಜ ಊಟ ಬಿಟ್ಟು ಎದ್ದರು. ತಂದೆ ಬಿಡುಗಡೆಯಾಗಿ ಬಂದ ಎಷ್ಟೋ ವರ್ಷಗಳವರೆಗೆ, ಯಾರಾದರೂ ಬಾಗಿಲು ತಟ್ಟಿದರೆ ಅಮ್ಮ ಮೊದಲು ಕಿಟಕಿಯಿಂದ ಇಣುಕುತ್ತಿದ್ದರು. ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳಡಿ ಸೆರೆಯಾದವರ ಸಂಖ್ಯೆ ಒಟ್ಟು ಲಕ್ಷ ದಾಟಿತ್ತೆಂದು, ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆ ನಡೆಸಿದ ಷಾ ಆಯೋಗದ ವರದಿಯೇ ಹೇಳುತ್ತದೆ.

ಜಗಜೀವನ ರಾಮ್ ಸಂಪುಟ ತೊರೆದು ಜನತಾ ಪಕ್ಷದ ಬದಿಗೆ ಬಂದದ್ದು 1977ರ ಫೆಬ್ರವರಿ 2ರಂದು, ಚುನಾವಣೆ ಘೋಷಣೆಯಾದ ಮೇಲೆ. ನನ್ನ ತಂದೆ ಒಳಗಿದ್ದಾಗ ತೊರೆದಿದ್ದರೆ ನಾನೂ ಅವರ ಪರ ನಿಲ್ಲುತ್ತಿದ್ದೆ. ಆಸ್ಪತ್ರೆಯಿಂದಲೇ ಪತ್ರ ಬರೆದು ಮೊರಾರ್ಜಿ ದೇಸಾಯಿಯವರಿಗೆ ಬೆಂಬಲ ಸೂಚಿಸಿದ, ಜನತಾ ಪಕ್ಷದ ಇನ್ನೊಬ್ಬ ನಾಯಕ ಚರಣ್ ಸಿಂಗ್ ಅವರ ಲೆಕ್ಕಾಚಾರ ಏನೇ ಇರಲಿ, ನಾಯಕನನ್ನು ಆರಿಸುವ ಹೊಣೆ ಹೊತ್ತ ಹಿರಿಯರಾದ ಜಯಪ್ರಕಾಶ ನಾರಾಯಣ (ಜೆ.ಪಿ.) ಮತ್ತು ಕೃಪಲಾನಿ ಆರಿಸಿದ್ದು ಸೆರೆಮನೆ ಕಂಡ ಮೊರಾರ್ಜಿಯವರನ್ನು. ಮೊರಾರ್ಜಿಯವರ ಸರ್ಕಾರವೇ 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿ ತಂದು, ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಿತ್ತುಕೊಳ್ಳದಂತೆ ಮಾಡಿತು. ಜಾತಿಯ ಕಾರಣಕ್ಕೇ ಜಗಜೀವನ ರಾಮ್ ಅವರಿಗೆ ಪಟ್ಟ ತಪ್ಪಿತು ಎನ್ನುವವರ ಪ್ರಕಾರ, ದಲಿತ ನಾಯಕ ಏನೇ ಮಾಡಿದರೂ ಯಾರೂ ಪ್ರಶ್ನಿಸಬಾರದು. ನಾನು ಪ್ರಶ್ನಿಸುತ್ತೇನೆ.

ವಿರೋಧ: ಒಬ್ಬರ ಲೆಕ್ಕ ಮಾತ್ರ ಏಕೆ?

ಈ ಬದಿಯನ್ನು ನನಗೆ ವಹಿಸಲಾಗಿದೆ. ಅರ್ಧದಷ್ಟನ್ನು ಮನಸಾರೆ ಒಪ್ಪುತ್ತೇನೆ. ಆ ನಿರ್ಣಯವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹಕ್ಕುಗಳ ವಿಷಯದಲ್ಲಿ ಹಿಂದೆ ಹೇಗೆ ನಡೆದುಕೊಂಡರು ಎಂದು ನೋಡಿ ನಾಯಕನನ್ನು ಆರಿಸುವುದಾದರೆ ಎಲ್ಲರದನ್ನೂ ನೋಡಬೇಕು. 1956ರ ಜನವರಿಯಲ್ಲಿ ಮುಂಬಯಿ ಸೇರಿದ ಮರಾಠಿ ರಾಜ್ಯ ಕೇಳುತ್ತಿದ್ದ ಸಂಯುಕ್ತ ಮಹಾರಾಷ್ಟ್ರ ಚಳವಳಿಗಾರರ ಮೇಲೆ ಮುಂಬಯಿ ಪೊಲೀಸರು ಗುಂಡು ಹಾರಿಸಿ ಹಲವರ ಪ್ರಾಣ ತೆಗೆದಾಗ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಮೊರಾರ್ಜಿ. 1977ರಲ್ಲಿ ಅದು ಅವರಿಗೆ ಅಡ್ಡ ಬರಲಿಲ್ಲ.

ದಲಿತರಿಗೆ ನಾಗರಿಕ ಹಕ್ಕೆಂದರೆ ಮೊದಲು ಬಾವಿಯ ನೀರು, ದೇವಾಲಯದ ಬಾಗಿಲು. ಅದಕ್ಕಾಗಿ ಜಗಜೀವನ ರಾಮ್ 1930ರ ದಶಕದಿಂದ ದುಡಿದಿದ್ದರು. ಹೊಸ ಸರ್ಕಾರ ಬಂದ ಎರಡೇ ತಿಂಗಳಲ್ಲಿ ಬಿಹಾರದ ಬೇಲ್ಛಿಯಲ್ಲಿ ದಲಿತರನ್ನು ಕೊಂದು ಸುಟ್ಟರು. ಜಗಜೀವನ ರಾಮ್ ವಾರಾಣಸಿಯಲ್ಲಿ ಅನಾವರಣ ಮಾಡಿದ, ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿ ಸಂಪೂರ್ಣಾನಂದರ ಪ್ರತಿಮೆಯನ್ನು ಗಂಗಾಜಲದಿಂದ ತೊಳೆದರು. ಆಗ ಅವರು ದೇಶದ ರಕ್ಷಣಾ ಸಚಿವರು! ಅಂಥ ಕಾಲದಲ್ಲಿ ದಲಿತ ಪ್ರಧಾನಿಯೊಬ್ಬರು ದೆಹಲಿಯಲ್ಲಿ ಕುಳಿತಿದ್ದರೆ ಹಳ್ಳಿಯ ಪೊಲೀಸ್ ಠಾಣೆಗೂ ಅದರ ಬಿಸಿ ತಟ್ಟುತ್ತಿತ್ತು ಎಂದು ನಂಬುತ್ತೇನೆ.

ಮೊರಾರ್ಜಿ ಇಳಿದ ಮೇಲೆ, 1979ರಲ್ಲಿ, ಇದೇ ಜನತಾ ಪಕ್ಷ ಜಗಜೀವನ ರಾಮ್ ಅವರನ್ನೇ ನಾಯಕರನ್ನಾಗಿ ಆರಿಸಿತು. ಮುಂದಿನ ಚುನಾವಣೆಗೂ ಪ್ರಧಾನಿ ಅಭ್ಯರ್ಥಿ ಅವರೇ. ಎರಡೇ ವರ್ಷಗಳಲ್ಲಿ ಅಡ್ಡಿಯಾಗದೆ ಹೋದ ಆ ನಿರ್ಣಯ 1977ರಲ್ಲಿ ಮಾತ್ರ ಅಷ್ಟು ದೊಡ್ಡದಾಗಿ ಕಂಡದ್ದೇಕೆ ಎಂಬುದಕ್ಕೆ ಎದುರಿನ ಬರಹದಲ್ಲಿ ಉತ್ತರವಿಲ್ಲ.