ಒಬ್ಬಳೇ ವಿದ್ಯಾರ್ಥಿನಿಗಾಗಿ ಉಳಿಸಿದ ನಿಲ್ದಾಣ: ಒಂದು ಸ್ಪಷ್ಟನೆ

ಜಪಾನಿನ ಹೊಕ್ಕೈಡೊದ ಕಾಮಿ-ಶಿರಟಾಕಿ ರೈಲು ನಿಲ್ದಾಣವನ್ನು ಒಬ್ಬಳೇ ವಿದ್ಯಾರ್ಥಿನಿಯ ಓದು ಮುಗಿಯುವವರೆಗೆ ತೆರೆದಿಡಲಾಗಿತ್ತು ಎಂಬ ಸುದ್ದಿ 2016ರಿಂದಲೂ ಹರಿದಾಡುತ್ತಿದೆ. ಮನ ಕರಗಿಸುವ ಕಥೆಯೇನೋ ಹೌದು, ಆದರೆ ವಿವರಗಳು ತಾಳೆಯಾಗುವುದಿಲ್ಲ. ಆಕೆ ರೈಲು ಹತ್ತುತ್ತಿದ್ದುದು ಅದೇ ಮಾರ್ಗದ ಕ್ಯೂ-ಶಿರಟಾಕಿಯಲ್ಲಿ; ಆ ರೈಲಿನಲ್ಲಿ ಬೇರೆ ವಿದ್ಯಾರ್ಥಿಗಳೂ ಶಾಲೆಗೆ ಹೋಗುತ್ತಿದ್ದರು. ಕಾಮಿ-ಶಿರಟಾಕಿಯಲ್ಲಿ ದಿನಕ್ಕೆ ಎರಡೂ ದಿಕ್ಕಿಗೆ ಒಂದೊಂದೇ ರೈಲು ನಿಲ್ಲುತ್ತಿತ್ತು ಎಂಬುದಷ್ಟೇ ನಿಜ. ಪ್ರಯಾಣಿಕರು ತೀರ ವಿರಳವಾಗಿದ್ದುದರಿಂದ ಈ ಎರಡು ನಿಲ್ದಾಣಗಳನ್ನೂ ಶಿಮೊ-ಶಿರಟಾಕಿಯನ್ನೂ 2016ರ ಮಾರ್ಚ್ 26ರಂದು, ಅಂದರೆ ಹೊಕ್ಕೈಡೊ ಶಿಂಕಾನ್‌ಸೆನ್ (ಬುಲೆಟ್ ರೈಲು) ಆರಂಭವಾಗಿ ಹೊಸ ವೇಳಾಪಟ್ಟಿ ಜಾರಿಗೆ ಬಂದ ದಿನವೇ, ಒಟ್ಟಿಗೆ ಮುಚ್ಚಲಾಯಿತು. ಜಪಾನಿನಲ್ಲಿ ಶಾಲಾ ವರ್ಷವೂ ಮಾರ್ಚಿನಲ್ಲೇ ಮುಗಿಯುವುದರಿಂದ, ಎರಡನ್ನೂ ಜೋಡಿಸಿ ಹೇಳುವುದು ಸುಲಭವಾಯಿತು.