ಪಟಿಕ ಹಾಕಿದ ಬಾವಿನೀರನ್ನು ಕುದಿಸಬೇಕಾಗಿಲ್ಲವೇ?

ಮಳೆಗಾಲ ಶುರುವಾದೊಡನೆ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಮರಳಿ ಬರುವ ಸಂದೇಶವೊಂದಿದೆ: ಕೆಂಪಾದ ಬಾವಿನೀರನ್ನು ಪಟಿಕ ಹಾಕಿ ತಿಳಿಗೊಳಿಸಿದರೆ ಸಾಕು, ಕುದಿಸಬೇಕಾಗಿಲ್ಲ. ಇದು ಸರಿಯಲ್ಲ. ಪಟಿಕವು ನೀರಿನಲ್ಲಿರುವ ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಅವುಗಳೊಂದಿಗೆ ಒಂದಷ್ಟು ರೋಗಾಣುಗಳೂ ಇಳಿಯುತ್ತವೆಂಬುದು ನಿಜವಾದರೂ, ಉಳಿದವು ಟೈಫಾಯ್ಡ್, ಕಾಮಾಲೆ, ವಾಂತಿಭೇದಿಗಳನ್ನು ತರಬಲ್ಲವು. ನಮ್ಮ ಮುರಕಲ್ಲಿನ ನೆಲದಲ್ಲಿ ರಂಧ್ರಗಳು ಹೇರಳವಾಗಿರುವುದರಿಂದ, ಅಂತರ್ಜಲ ಮೇಲೇರಿದಾಗ ಪಕ್ಕದ ಶೌಚಗುಂಡಿಯ ಸೋರಿಕೆ ಸರಿಯಾಗಿ ಸೋಸಲ್ಪಡದೆಯೇ ಬಾವಿಯನ್ನು ಸೇರಬಹುದು, ಅಂಥ ನೀರು ಕಣ್ಣಿಗೆ ಪೂರ್ತಿ ತಿಳಿಯಾಗಿಯೇ ಕಾಣಬಹುದು. ಹಿರಿಯರು ಪಟಿಕ ಬಳಸಿದ್ದನ್ನು ಕಂಡವರು ಸಂದೇಶದ ಮಾತನ್ನು ನಂಬುವುದು ಸಹಜವೇ.

ಸಂದೇಶದಲ್ಲಿ ಯಾವ ಪ್ರಯೋಗಾಲಯ, ಯಾವ ಪರೀಕ್ಷೆ ಎಂಬುದಿದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಸ್ವತಃ ಪರೀಕ್ಷಿಸುವುದಾದರೆ, ಮಲದಿಂದ ಬರುವ ಬ್ಯಾಕ್ಟೀರಿಯಾಗಳಿದ್ದರೆ ನೀರನ್ನು ಕಪ್ಪಾಗಿಸುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿಗಳಲ್ಲಿ ಒಂದಕ್ಕೆ ಪಟಿಕ ಹಾಕಿದ ನೀರನ್ನೂ ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರನ್ನೂ ತುಂಬಿ 24ರಿಂದ 48 ಗಂಟೆ ಬೆಚ್ಚಗಿನ ಜಾಗದಲ್ಲಿಡಿ. ಕಪ್ಪಾದ ನೀರು ಮಲಿನವಾಗಿದೆಯೆಂದೇ ತಿಳಿಯಬೇಕು. ಕಪ್ಪಾಗದ ಮಾತ್ರಕ್ಕೆ ಸುರಕ್ಷಿತವೆನ್ನಲಾಗದು, ಏಕೆಂದರೆ ಈ ಪರೀಕ್ಷೆ ವೈರಸ್ಸುಗಳನ್ನು ತೋರಿಸುವುದಿಲ್ಲ. ಪಟಿಕ ಹಾಕುವುದಕ್ಕೆ ಅಡ್ಡಿಯಿಲ್ಲ. ಆಮೇಲೆ ಮೇಲಿನ ತಿಳಿನೀರನ್ನು ಬಸಿದು, ಕೊತಕೊತನೆ ಕನಿಷ್ಠ 1 ನಿಮಿಷ ಕುದಿಸಿ, ಮುಚ್ಚಿಡಬೇಕು.